ಬೆಳಗಾಗುವಷ್ಟರಲ್ಲಿ ಸಾಯುತ್ತಿದ್ದ ಬ್ಯಾಟರಿ

ನಾಲ್ಕು ಜನ ಗಂಡಸರು ಒಂದು ಯಂತ್ರದ ಸುತ್ತ ಸೊಂಟಕ್ಕೆ ಕೈಕೊಟ್ಟು ನಿಂತರೆಂದರೆ ಆ ಯಂತ್ರದ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು. ಕಳೆದ ಬೇಸಿಗೆಯಲ್ಲಿ ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಗೇಟಿನ ಮುಂದೆ ಹಾಗೆ ನಿಂತವರನ್ನು ನೋಡಿ ನೋಡಿ, ಗಂಡು ಜಾತಿಯ ಮೇಲೆ ನನಗೆ ಉಳಿದಿದ್ದ ಅಲ್ಪಸ್ವಲ್ಪ ರೆಸ್ಪೆಕ್ಟೂ ಹೋಯಿತು.

ಅವರು ನಿಂತದ್ದು ನಮ್ಮ ವ್ಯಾನಿನ ಸುತ್ತ. ಹಿಂದೆ ಅದು ಟೂರಿಸ್ಟ್ ವ್ಯಾನಾಗಿತ್ತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಗ್ರಾಮರ್ ಕಲಿಸಿ ರಿಟೈರ್ ಆದ ಮೇಲೆ, ಒಡವೆ ಬೇಡ, ಸೈಟು ಬೇಡ, ಇದೊಂದು ಬೇಕು ಎಂದು ಹಠ ಹಿಡಿದು ನಾನೇ ಕೊಂಡದ್ದು. ಭದ್ರಾವತಿಯಲ್ಲಿ ಬಾಡಿ ಕಟ್ಟುವ ಒಂದು ಶೆಡ್ಡಿನಲ್ಲಿ ಸೀಟುಗಳನ್ನು ಕಿತ್ತು ಎರಡು ಮಂಚ, ಪುಟ್ಟ ಅಡುಗೆ ಕಟ್ಟೆ, ಮಾಡಿನ ಮೇಲೆ ಸೋಲಾರ್ ಪ್ಯಾನೆಲ್, ಬಾಗಿಲ ಪಕ್ಕ ಮೊಣಕಾಲೆತ್ತರದ ಫ್ರಿಡ್ಜ್ ಕೂರಿಸಿಕೊಟ್ಟರು. ನನ್ನ ಗಂಡ ಡ್ರೈವರ್ ಸೀಟಿನ ಹಿಂದೆ ಒಂದು ದೇವರ ಗೂಡನ್ನೂ ಮಾಡಿಸಿದರು. ಇಂಜಿನ್ ಸ್ಟಾರ್ಟ್ ಮಾಡಲು ಒಂದು ಬ್ಯಾಟರಿ. ಒಳಗಿನ ಸಂಸಾರಕ್ಕೆ, ಅಂದರೆ ಫ್ಯಾನು, ಲೈಟು, ಫ್ರಿಡ್ಜಿಗೆ, ಮಂಚದ ಕೆಳಗೆ ಇನ್ನೊಂದು. ಈ ಎರಡನೆಯದೇ ನಮ್ಮ ರೋಗಿ.

ಈ ವಯಸ್ಸಿನಲ್ಲಿ ವ್ಯಾನು ಯಾಕೆ ಎಂದು ಬೀದಿಯೆಲ್ಲ ಕೇಳಿತು. ಹುಟ್ಟಿದಾರಭ್ಯ ನಾನು ಬೇರೆಯವರು ಹಾಸಿಕೊಟ್ಟ ಜಾಗದಲ್ಲೇ ಮಲಗಿದವಳು. ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿ ಕಬ್ಬಿಣದ ಮಂಚಗಳ ಸಾಲು; ಮದುವೆಯಾದ ಮೇಲೆ ಭದ್ರಾವತಿಯ ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲಿ ಅತ್ತೆ ತೋರಿಸಿದ ಮೂಲೆ; ನೆಂಟರ ಮದುವೆಗಳಲ್ಲಿ ಛತ್ರದ ಜಮಖಾನ. ಒಂದು ದಿನವಾದರೂ ನನಗೆ ಇಷ್ಟ ಬಂದಲ್ಲಿ ಗಾಡಿ ನಿಲ್ಲಿಸಿ ಮಲಗಬೇಕು, ಕಣ್ಣು ಬಿಟ್ಟರೆ ಸಮುದ್ರ ಕಾಣಬೇಕು. ಅಷ್ಟೇ. ಬೋರ್ಡಿಂಗ್ ಕಿಟಕಿಯಿಂದ ಕಾಣುತ್ತಿದ್ದದ್ದು ಬಟ್ಟೆ ಒಣಹಾಕುವ ತಂತಿ ಮಾತ್ರ. ಅದರಾಚೆ ಸಮುದ್ರವಿದೆ ಎಂದು ನಾನೂ ಪಕ್ಕದ ಮಂಚದ ಹುಡುಗಿಯೂ ಸಿಸ್ಟರ್‌ಗೆ ಕೇಳದಂತೆ ಗುಸುಗುಸು ಕಥೆ ಕಟ್ಟುತ್ತಿದ್ದೆವು. ಆ ಹುಡುಗಿ ಈಗಿಲ್ಲ.

ನನಗೆ ಶುಗರ್. ಇನ್ಸುಲಿನ್ ಇಲ್ಲದೆ ದಿನ ಸಾಗದು. ಚುಚ್ಚಿಕೊಳ್ಳುತ್ತಿರುವ ಶೀಶೆ ನೆರಳಲ್ಲಿದ್ದರೆ ಹೇಗೋ ನಡೆದೀತು, ಮಿಕ್ಕ ಸ್ಟಾಕ್ ತಣ್ಣಗೇ ಇರಬೇಕು, ಬಿಸಿಲಿಗೆ ಕಾದ ವ್ಯಾನಿನೊಳಗಂತೂ ಇಡಲೇಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹಾಗಾಗಿ ಫ್ರಿಡ್ಜ್ ನಡೆದರೆ ನಾನು ಸಮುದ್ರಕ್ಕೆ ಹೋಗುತ್ತೇನೆ, ನಡೆಯದಿದ್ದರೆ ಇಲ್ಲ. ಅದು ನಡೆಯುತ್ತಿರಲಿಲ್ಲ. ನಾವು ಒಂದೆರಡು ಸಲ ಟ್ರಯಲ್ ಅಂತ ನವುಲೆಯ ಕಡೆ ಸುತ್ತಿಸಿ, ಬ್ಯಾಟರಿ ತುಂಬಿಸಿ, ತಂದು ನಿಲ್ಲಿಸಿದರೂ ಬೆಳಗಿನ ಕಾಫಿ ಹೊತ್ತಿಗೆ ಫ್ರಿಡ್ಜ್ ಬಂದ್ ಆಗಿ, ಒಳಗಿಟ್ಟ ನೀರಿನ ಬಾಟಲಿ ಬೆಚ್ಚಗಾಗಿರುತ್ತಿತ್ತು.

"ನೋಡು ಮಾರಾಯ್ತಿ," ಎಂದರು ನನ್ನ ಗಂಡ, "ಈ ತಿಂಗಳೊಳಗೆ ಸರಿಹೋಗ್ಲಿಲ್ಲ ಅಂದ್ರೆ ಭದ್ರಾವತಿ ಅಡುಗೆ ಕಂಟ್ರಾಕ್ಟರ್‌ಗೆ ಕೊಟ್ಬಿಡೋದೇ. ಪಾತ್ರೆ ಸಾಗಿಸೋಕೆ ಅಂತ ಕೇಳ್ತಿದಾನೆ."

ನನ್ನ ಸಮುದ್ರದ ವ್ಯಾನಿನಲ್ಲಿ ಸಾಂಬಾರಿನ ಕೊಳದಪ್ಪಲೆಗಳು! ಇವರು ಆ ಮಾತು ಹೇಳಿದ್ದು ಉಪ್ಪಿಟ್ಟಿಗೆ ಉಪ್ಪು ಸಾಲದು ಎನ್ನುವ ಧಾಟಿಯಲ್ಲಿ.

ರಿಪೇರಿಗೆ ಮೊದಲು ಕೈಹಾಕಿದ್ದು ಇವರೇ. ದುರ್ಗಿಗುಡಿಯ ಅಂಗಡಿಗೆ ಹೋಗಿ ಹೊಸ ಬ್ಯಾಟರಿ ತಂದರು. ಅದೂ ಸತ್ತಿತು. ಆಮೇಲೆ ಕಮಿಟಿ ಸೇರಿತು. ಇವರ ವಾಕಿಂಗ್ ಗೆಳೆಯರು: ಅವರಲ್ಲಿ ಒಬ್ಬರು ಕರೆಂಟ್ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು, ಇನ್ನಿಬ್ಬರು ತಲೆಯಾಡಿಸುವುದರಲ್ಲಿ ನಿಪುಣರು. ಒಳಗೆ ಬಂದವರೆಲ್ಲ ಚಪ್ಪಲಿ ಬಿಟ್ಟು, ದೇವರ ಗೂಡಿಗೆ ಕೈಮುಗಿದು, ಆಮೇಲೆ ನನ್ನ ಹಾಸಿಗೆಯ ಮೇಲೆ ಸ್ಕ್ರೂಡ್ರೈವರ್ ಇಡುತ್ತಿದ್ದರು. ಭಕ್ತಿಗೇನೂ ಕೊರತೆಯಿರಲಿಲ್ಲ.

ಇಂಜಿನಿಯರರು ಮಾಡು ಹತ್ತಿ ನೋಡಿ, "ರಾತ್ರಿ ಹೊತ್ತು ಸೋಲಾರ್ ಪ್ಯಾನೆಲ್ಲೇ ಕರೆಂಟ್ ವಾಪಸ್ ಎಳ್ಕೊಳ್ತಿದೆ ಅತ್ತಿಗೆ. ರಿವರ್ಸ್ ಫ್ಲೋ," ಎಂದು ತೀರ್ಪು ಕೊಟ್ಟರು. ಅದಕ್ಕೆ ಮದ್ದು ಏನೆಂದು ಕೇಳಿದರೆ, ಸೂರ್ಯ ಮುಳುಗಿದ ಮೇಲೆ ಪ್ಯಾನೆಲ್ಲಿಗೆ ಹೊದಿಸುವುದಂತೆ. ಹೊದಿಸಿದ್ದು ನನ್ನ ಒಳ್ಳೆಯ ಬೆಡ್‌ಶೀಟು. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದ ಮನುಷ್ಯ ಸೋಲಾರ್ ಪ್ಯಾನೆಲ್ಲಿಗೆ ಜೋಗುಳ ಹಾಡುವುದೊಂದು ಬಾಕಿ. ಬೆಳಿಗ್ಗೆ ಬ್ಯಾಟರಿ ಎಂದಿನಂತೆ ಸತ್ತಿತ್ತು, ಬೆಡ್‌ಶೀಟಿನ ಮೇಲೆ ಕಾಗೆ ತನ್ನ ಅಭಿಪ್ರಾಯ ಬರೆದು ಹೋಗಿತ್ತು.

ಆಗ ಎಲ್ಲರ ಕಣ್ಣು ಫ್ರಿಡ್ಜಿನ ಮೇಲೆ ಬಿತ್ತು. ಬೀಳಲೇಬೇಕಲ್ಲ, ಅದು ಹೆಂಗಸಿನ ಸಾಮಾನು.

"ಅದೇ ತಿನ್ನೋದು ಕಣೋ," ಎಂದರು ಇಂಜಿನಿಯರರು ನನ್ನ ಗಂಡನಿಗೆ. "ಆಫ್ ಮಾಡಿ ನೋಡು."

ಆಫ್ ಮಾಡಿದರು. ನಾನು ಫ್ರಿಡ್ಜ್ ಖಾಲಿ ಮಾಡಿ, ಪ್ಲಗ್ಗನ್ನೂ ಕಿತ್ತು ಇವರ ಕೈಗೇ ಕೊಟ್ಟೆ. ಬ್ಯಾಟರಿ ತುಸು ನಿಧಾನವಾಗಿ ಸತ್ತಿತು, ಸಾಯುವುದನ್ನು ಮಾತ್ರ ಬಿಡಲಿಲ್ಲ. "ಆಫ್ ಇದ್ರೂ ಒಳಗೊಳಗೇ ಎಳೆಯುತ್ತೆ," ಎಂದರು ಇಂಜಿನಿಯರರು. ಪ್ಲಗ್ ಕಿತ್ತ ಮೇಲೆ ಯಾವ ದಾರಿಯಿಂದ ಎಳೆಯುತ್ತದೆ ಎಂದು ನಾನು ಕೇಳಿದ್ದಕ್ಕೆ, "ನಿಂಗೆ ಅದೆಲ್ಲ ಅರ್ಥ ಆಗಲ್ಲ ಬಿಡೆ," ಎಂದು ನನ್ನ ಗಂಡ ಕಾಫಿಗೆ ಹೇಳಿದರು.

ಬೋರ್ಡಿಂಗ್‌ನಲ್ಲಿ ನಮಗೆ ಸೈನ್ಸ್ ಹೇಳಿಕೊಡುತ್ತಿದ್ದ ಸಿಸ್ಟರ್ ಪ್ರಯೋಗಕ್ಕೆ ಮೊದಲು ಎಲ್ಲರ ಕೈ ಹಿಂದಕ್ಕೆ ಕಟ್ಟಿಸಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಗರ್ಲ್ಸ್, ಆಮೇಲೆ ಸುಮ್ಮನೆ ನೋಡಿ, ಎನ್ನುತ್ತಿದ್ದರು. ಇವರೋ, ಒಂದೇ ಬೆಳಗಿನಲ್ಲಿ ಫ್ಯೂಸ್ ಬದಲಿಸಿ, ಅರ್ತ್ ಬಿಗಿಮಾಡಿ, ಟರ್ಮಿನಲ್ಲಿಗೆ ವ್ಯಾಸಲೀನ್ ಮೆತ್ತಿ, ಡಿಸ್ಟಿಲ್ಡ್ ವಾಟರ್ ಸುರಿದು, ಮಾರನೆಯ ದಿನ ಯಾವುದರಿಂದ ಏನಾಯಿತೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುವರು. ಹೋಪ್‌ಲೆಸ್.

ಕೊನೆಗೆ ವ್ಯಾನನ್ನು ಭದ್ರಾವತಿಯ ಶೆಡ್ಡಿಗೇ ಒಯ್ದೆವು. ಶೆಡ್ಡಿನ ಯಜಮಾನ ನನ್ನ ಗಂಡನಿಗೆ ಫ್ಯಾಕ್ಟರಿ ಕಾಲದ ಪರಿಚಯ, ತಮಿಳಿನವನು. ಅವನೂ ದೇವರ ಗೂಡಿಗೆ ಕೈಮುಗಿದೇ ಕೆಲಸಕ್ಕೆ ಕೂತ. ಅವನ ಹತ್ತಿರ ಕ್ಲ್ಯಾಂಪ್ ಮೀಟರ್ ಇತ್ತು. ತಂತಿಯನ್ನು ಬಾಯಲ್ಲಿ ಕಚ್ಚಿಕೊಂಡು, ಅದರೊಳಗೆ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ತೋರಿಸುವ ಇಕ್ಕಳದಂಥ ಸಾಮಾನು. ಮೇನ್ ಸ್ವಿಚ್ ಆರಿಸಿ, ಅದರಿಂದ ಹೊರಡುವ ದಪ್ಪ ತಂತಿಗೆ ಅದನ್ನು ಕಚ್ಚಿಸಿದ.

"ಸೊನ್ನೆ ಸಾರ್! ಏನೂ ಹೋಗ್ತಾ ಇಲ್ಲ. ನಮ್ಮ ವೈರಿಂಗ್‌ನಲ್ಲಿ ಡೌಟೇ ಬೇಡ."

"ಹಾಗಾದ್ರೆ ಬ್ಯಾಟರಿ ಯಾಕಪ್ಪ ಸಾಯುತ್ತೆ?" ಎಂದೆ.

ಅವನು ನನ್ನ ಕಡೆ ನೋಡಲಿಲ್ಲ. ನನ್ನ ಗಂಡನಿಗೇ ಹೇಳಿದ: "ಅಮ್ಮ ಫ್ರಿಡ್ಜ್ ಬಾಗಿಲು ಜಾಸ್ತಿ ಸಲ ತೆಗೀತಾರೆ ಅಂತ ಕಾಣುತ್ತೆ ಸಾರ್. ದೃಷ್ಟಿನೂ ಆಗಿರ್ಬೋದು, ಒಂದು ನಿಂಬೆಹಣ್ಣು ಕಟ್ಟಿ."

ನಿಂಬೆಹಣ್ಣು ಕಟ್ಟಿದರು. ಬಂಪರಿನಲ್ಲಿ ನಿಂಬೆಹಣ್ಣು, ಮಾಡಿನ ಮೇಲೆ ಬೆಡ್‌ಶೀಟು, ಟರ್ಮಿನಲ್ಲಿಗೆ ವ್ಯಾಸಲೀನು. ಬಾಣಂತಿಗೂ ಇಷ್ಟು ಆರೈಕೆ ಮಾಡುವುದಿಲ್ಲ.

ತಿಂಗಳು ಮುಗಿಯುತ್ತ ಬಂದಿತ್ತು. ಅಡುಗೆ ಕಂಟ್ರಾಕ್ಟರು ಒಂದು ಬೆಳಿಗ್ಗೆ ಬಂದು ವ್ಯಾನಿನ ಬಾಗಿಲಿನ ಅಗಲವನ್ನು ಗೇಣು ಹಾಕಿ ಅಳೆದು ಹೋದ. ಅವತ್ತು ಸಂಜೆ ನಾನು ಒಬ್ಬಳೇ ಒಳಗೆ ಹೋಗಿ ಕೂತೆ. ಪರದೆಗಳನ್ನು ನಾನೇ ಹೊಲಿದಿದ್ದೆ, ನೀಲಿಯವು. ಅವನ್ನಾದರೂ ಬಿಚ್ಚಿ ಇಟ್ಟುಕೊಳ್ಳೋಣ ಎಂದು ಎದ್ದವಳು, ದೇವರ ಗೂಡಿನ ಬಾಡಿದ ಹೂ ತೆಗೆಯಲು ಕೈಹಾಕಿದೆ. ಬೆಳಿಗ್ಗೆ ಮುಡಿಸಿದ್ದ ಕನಕಾಂಬರದ ದಂಡೆ ಒಂದು ಕಡೆ ಹಾಗೇ ಇತ್ತು. ಇನ್ನೊಂದು ಕಡೆ, ದೀಪದ ಬದಿಗೆ, ಸುಟ್ಟ ಹಪ್ಪಳದ ಹಾಗೆ ಕಂದಾಗಿ ಮುರುಟಿತ್ತು.

ದೀಪ ಎಂದರೆ ಝೀರೋ ಬಲ್ಬು, ಕೆಂಪನೆಯದು. ಎಲ್ಲರ ದೇವರ ಮನೆಯಲ್ಲೂ ಹಗಲೂ ರಾತ್ರಿ ಉರಿಯುತ್ತದಲ್ಲ, ಅದು. ಗಾಜನ್ನು ಮುಟ್ಟಿದೆ. ಬೆರಳು ಸುಟ್ಟಿತು.

ಕೈ ಹಿಂದಕ್ಕೆ ಕಟ್ಟಿಕೊಂಡು ಸುಮ್ಮನೆ ನೋಡಿದೆ. ಬಲ್ಬಿನಿಂದ ಒಂದು ಸಣ್ಣ ವೈರು ಪ್ಲೈವುಡ್ಡಿನ ಹಿಂದೆ ಇಳಿದು ಮಂಚದ ಕೆಳಗೆ ಹೋಗಿತ್ತು. ಅಲ್ಲಿ ಇನ್ವರ್ಟರ್ ಪೆಟ್ಟಿಗೆ, ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಿನಂತೆ ಮಾಡಿಕೊಡುವುದು. ಮಿಕ್ಸಿ ಹಾಕುವಾಗ ಮಾತ್ರ ಬೇಕು, ಮಿಕ್ಕಂತೆ ಆಫ್ ಎಂದು ನನಗೆ ಹೇಳಿದ್ದರು. ಅದು ಬೆಚ್ಚಗೆ ಗುಂಯ್ ಎನ್ನುತ್ತಿತ್ತು. ಅದರ ತಂತಿಗಳು ಮೇನ್ ಸ್ವಿಚ್ಚಿನ ಗೊಡವೆಗೇ ಹೋಗದೆ ನೇರವಾಗಿ ಬ್ಯಾಟರಿಯ ತಲೆಗೆ ಸೇರಿದ್ದವು.

ಮಾರನೆಯ ಬೆಳಿಗ್ಗೆ ಕಮಿಟಿ ಪೂರ್ತಿ ಸೇರಿತ್ತು. ಇಂಜಿನಿಯರರು ತಾವೂ ಒಂದು ಕ್ಲ್ಯಾಂಪ್ ಮೀಟರ್ ಕೊಂಡು ತಂದಿದ್ದರು, ಹೊಸ ಆಟಿಕೆ.

"ಈ ತಂತಿಗೆ ಕಚ್ಚಿಸಿ," ಎಂದು ಇನ್ವರ್ಟರಿನಿಂದ ಬ್ಯಾಟರಿಗೆ ಹೋಗಿದ್ದ ತಂತಿ ತೋರಿಸಿದೆ.

"ಅಯ್ಯೋ ಅದು ದೇವರ ದೀಪದ್ದು ಅತ್ತಿಗೆ. ಝೀರೋ ಬಲ್ಬು. ಅದು ಕರೆಂಟೇ ತಿನ್ನಲ್ಲ. ಮನೆ ಕರೆಂಟ್ ಮೀಟರ್ ಕೂಡ ತಿರುಗಲ್ಲ ಗೊತ್ತಾ?"

"ಯಾವ ಮೀಟರು? ನಮ್ಮ ಅತ್ತೆ ಕಾಲದ ಕಪ್ಪು ಡಬ್ಬಿಯಾ? ಅದು ಸೋಮಾರಿ, ಸಣ್ಣಪುಟ್ಟದ್ದಕ್ಕೆ ಏಳ್ತಿರಲಿಲ್ಲ. ತಿನ್ನದೇ ಇರೋದು ಬಿಸಿ ಹೇಗೆ ಆಗುತ್ತೆ? ಮುಟ್ಟಿ ನೋಡಿ."

ಯಾರೂ ಮುಟ್ಟಲಿಲ್ಲ. ನನ್ನ ಮುಖ ನೋಡಿ ಇಂಜಿನಿಯರರು ಮೀಟರ್ ಹಿಡಿದರು. ಅಂಕಿ ಮೇಲೇರಿತು. ಅವರು ಮೀಟರನ್ನು ತೊಡೆಗೆ ಬಡಿದು ಮತ್ತೆ ಹಿಡಿದರು. ಮತ್ತೆ ಅದೇ ಅಂಕಿ. ಬಲ್ಬು ಒಂದಷ್ಟು, ಅದಕ್ಕಾಗಿ ಎಚ್ಚರವಿದ್ದ ಇನ್ವರ್ಟರ್ ಒಂದಷ್ಟು, ಎರಡೂ ಸೇರಿ ಹಗಲಿರುಳು ಹೀರುತ್ತಿದ್ದವು.

"ಮೇನ್ ಸ್ವಿಚ್ ಬಿಟ್ಟು ನೇರ ಕೊಡಿಸಿದ್ದು ಯಾರು?" ಎಂದೆ. ಗೊತ್ತಿದ್ದೇ ಕೇಳಿದೆ.

ನನ್ನ ಗಂಡ ಎದೆಯುಬ್ಬಿಸಿ ಹೇಳಿದರು: "ನಾನೇ ಹೇಳಿ ಮಾಡಿಸಿದ್ದು. ಸ್ವಿಚ್ ಆರಿಸಿದಾಗೆಲ್ಲ ದೇವರ ದೀಪನೂ ಆರಿದ್ರೆ ಶ್ರೇಯಸ್ಸಾ?"

"ಸಣ್ಣ ಎಲ್ಇಡಿ ಹಾಕ್ಸಿ. ನೇರ ಬ್ಯಾಟರಿಯಲ್ಲೇ ಉರಿಯುತ್ತೆ, ಇನ್ವರ್ಟರೇ ಬೇಡ."

"ಸೀರಿಯಲ್ ಸೆಟ್ಟಿನ ದೀಪ ದೇವರಿಗಾ? ಅದಕ್ಕೆ ಕಳೆ ಎಲ್ಲಿದೆ?"

ಆಮೇಲೆ ಆ ನಾಲ್ವರು ಕಲೆತು ಒಂದು ಪರಿಹಾರ ಕಂಡುಹಿಡಿದರು. ದೇವರ ದೀಪಕ್ಕೇ ಬೇರೆ ಒಂದು ಬ್ಯಾಟರಿ. ಅದನ್ನಿಡಲು ಜಾಗ ಬೇಕಲ್ಲ? ಇಂಜಿನಿಯರರು ವ್ಯಾನಿನೊಳಗೆ ಒಮ್ಮೆ ಕಣ್ಣಾಡಿಸಿದರು.

"ಆ ಫ್ರಿಡ್ಜ್ ತೆಗೆದ್ರೆ ಸರಿಯಾಗಿ ಕೂರುತ್ತೆ ಕಣೋ. ಅತ್ತಿಗೆ ಔಷಧಿಗೆ ಒಂದು ಥರ್ಮಾಸ್ ಸಾಕು. ಐಸ್ ಹಾಕ್ಕೊಂಡ್ರಾಯ್ತು."

ತಲೆಯಾಡಿಸುವವರು ತಲೆಯಾಡಿಸಿದರು. ನನ್ನ ಗಂಡನೂ, ಹೌದು, ಆಡಿಸಿದರು. ಸಾಮಾನ್ಯ ಮನುಷ್ಯನ ಮೂರ್ಖತನಕ್ಕೆ ಒಂದು ತಳ ಇರುತ್ತದೆ. ಡಿಗ್ರಿ, ಭಕ್ತಿ, ಗೆಳೆತನ ಮೂರೂ ಸೇರಿದ ಮೂರ್ಖತನಕ್ಕೆ ಅದೂ ಇಲ್ಲ.

ನಾನು ಮಂಚದ ಕೆಳಗೆ ಬಗ್ಗಿ ಇನ್ವರ್ಟರ್ ಆರಿಸಿ, ದೀಪದ ಪ್ಲಗ್ ಕಿತ್ತೆ. ಗುಂಯ್ ನಿಂತಿತು. ಗೂಡು ಕಪ್ಪಾಯಿತು.

"ದೇವರಿಗೆ ಮನೇಲಿ ದೀಪ ಇದೆ," ಎಂದೆ. "ದಾರೀಲಿ ನಂಗೆ ಜೀವ ಇರ್ಬೇಕಲ್ಲ?"

ಇವರು ಮನೆಯೊಳಗೆ ಹೋದರು. ಕಮಿಟಿ ಕಾಫಿಯಿಲ್ಲದೆ ಚದುರಿತು. ಮರುದಿನ ಬೆಳಿಗ್ಗೆ ಫ್ರಿಡ್ಜಿನ ಬಾಟಲಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ತಂದು ಇವರ ತಟ್ಟೆಯ ಪಕ್ಕ ಇಟ್ಟೆ. ಇವರು ಅದನ್ನು ನೋಡಲಿಲ್ಲ. "ದೇವರ ದೀಪ ಆರಿಸಿದ ಗಾಡಿ ನಾನು ಓಡಿಸಲ್ಲ," ಎಂದರು ಗೋಡೆಗೆ. ನನಗೆ ಡ್ರೈವಿಂಗ್ ಬಾರದು ಎಂಬ ಧೈರ್ಯ.

"ಸರಿ," ಎಂದು ನಾನು ಭದ್ರಾವತಿಯ ಶೆಡ್ಡಿಗೆ ಅಲ್ಲೇ ಕೂತು ಫೋನ್ ಮಾಡಿದೆ. "ಒಬ್ಬ ಒಳ್ಳೆ ಡ್ರೈವರ್ ಬೇಕಾಗಿತ್ತಪ್ಪ. ಹೌದು, ಮರವಂತೆಗೆ. ಇಲ್ಲ, ಯಜಮಾನರು ಬರಲ್ಲ. ಅವರಿಗೀಗ ಘಾಟಿ ಇಳಿಸೋ ಧೈರ್ಯ ಇಲ್ಲ."

ಇವರು ಬಾಯಲ್ಲಿದ್ದ ದೋಸೆ ನುಂಗುವ ಮೊದಲೇ ಎದ್ದರು. "ಯಾರಿಗೆ ಧೈರ್ಯ ಇಲ್ಲ? ಕೊಡಿಲ್ಲಿ ಫೋನು!" ದೇವರಿಗಾಗಿ ಬಿಡದ ಹಠವನ್ನು ಯಾವನೋ ಡ್ರೈವರನಿಗಾಗಿ ಬಿಟ್ಟರು.

ಎರಡು ದಿನ ಬಿಟ್ಟು ಹೊರಟೆವು. ಘಾಟಿಯನ್ನು ಇವರೇ ಇಳಿಸಿದರು. ಮರವಂತೆಯಲ್ಲಿ ರಸ್ತೆಯ ಅಂಚಿಗೆ, ನಾನು ತೋರಿಸಿದ ಕಡೆ, ಮಂಚದ ಬದಿಯ ಕಿಟಕಿ ನೀರಿಗೆ ಮುಖ ಮಾಡುವಂತೆ ನಿಲ್ಲಿಸಿದರು. ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ ಎಡಕ್ಕೆ ಎಂದು ನಾನು ಹೇಳಿದಷ್ಟು ಸಲವೂ ತಿರುಗಿಸಿದರು, ಅದನ್ನು ಇಲ್ಲವೆನ್ನಬಾರದು.

ಬೆಳಿಗ್ಗೆ ಎಚ್ಚರವಾದಾಗ ಪರದೆಯ ಸಂದಿಯಲ್ಲಿ ಸಮುದ್ರವಿತ್ತು. ನಾವಿಬ್ಬರು ಹುಡುಗಿಯರು ಅಂದುಕೊಂಡದ್ದಕ್ಕಿಂತ ಕಂದು ಬಣ್ಣ, ಗದ್ದಲವೂ ಹೆಚ್ಚು. ಅವಳಿಗೆ ಹೇಳಬೇಕೆನ್ನಿಸಿತು. ಫ್ರಿಡ್ಜ್ ತೆಗೆದೆ. ಶೀಶೆಗಳು ತಣ್ಣಗಿದ್ದವು.

ಹೊರಗೆ ಇವರ ದನಿ. ಪಕ್ಕದಲ್ಲಿ ಇನ್ನೊಂದು ವ್ಯಾನ್ ಬಂದು ನಿಂತಿತ್ತು, ಅದರವನಿಗೆ ಪಾಠ ನಡೆದಿತ್ತು.

"ನಿಮ್ದೂ ಬೆಳಿಗ್ಗೆ ಹೊತ್ತಿಗೆ ಡೌನ್ ಆಗುತ್ತಾ? ಇನ್ವರ್ಟರ್ ಎಲ್ಲಿಂದ ಕೊಟ್ಟಿದಾರೆ ನೋಡಿ ಸಾರ್. ನಮ್ಮ ಶಿವಮೊಗ್ಗದಲ್ಲಿ ದೊಡ್ಡ ದೊಡ್ಡ ಇಂಜಿನಿಯರ್‌ಗಳಿಗೇ ಹೊಳೀಲಿಲ್ಲ. ಕೊನೆಗೆ ನಾನೇ ಪತ್ತೆ ಮಾಡಿದ್ದು."

ಬಾಗಿಲು ದೂಡಿ ಒಂದು ಮಾತು ಅಂದರೆ ಸಾಕಿತ್ತು. ಆದರೆ ಬಾಗಿಲು ಇದ್ದದ್ದು ರಸ್ತೆಯ ಕಡೆಗೆ, ನಾನು ಕೂತದ್ದು ನೀರಿನ ಕಡೆಗೆ. ಸೀರೆ ಸರಿಸಿ ಹೊಟ್ಟೆಗೆ ಸೂಜಿ ಚುಚ್ಚಿಕೊಂಡು, ಮತ್ತೆ ದಿಂಬಿಗೆ ಒರಗಿದೆ.

"ರೀ," ಎಂದು ಕೂಗಿದೆ, "ಪಾಠ ಮುಗಿದ ಮೇಲೆ ಇಡ್ಲಿ ಎಲ್ಲಿ ಸಿಗುತ್ತೆ ಅಂತ ಅದನ್ನೂ ಪತ್ತೆ ಮಾಡ್ಕೊಂಡು ಬನ್ನಿ."