ಪೆಟಾಲಿಂಗ್ ಜಯಾದಲ್ಲಿ ಕುವಾಲಾ ಬಾತುವಿನ ಪಾಠ

"ಮಿಸ್, ನೀವು ಅಮೆರಿಕಕ್ಕೆ ಹೋಗಿದ್ದೀರಾ?"

ಪೆಟಾಲಿಂಗ್ ಜಯಾದ ಖಾಸಗಿ ಕಾಲೇಜಿನಲ್ಲಿ ನನ್ನ ಮೊದಲ ತರಗತಿ. ಹಾಜರಿ ಕರೆಯುವ ಮುಂಚೆಯೇ ಈ ಪ್ರಶ್ನೆ ಬಂತು. ಕೇಳಿದವಳು ಮುಂದಿನ ಸಾಲಿನಲ್ಲಿ ಕುಳಿತಿದ್ದ ಆಯ್ನಾ ಎಂಬ ಮಲಯ ಹುಡುಗಿ. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. ನಿಜಕ್ಕೂ ತಿಳಿಯಬೇಕಿತ್ತು ಅವಳಿಗೆ.

"ಇಲ್ಲ," ಎಂದೆ.

ತರಗತಿಯೆಲ್ಲ ನಕ್ಕಿತು. ನಗುವಂಥದ್ದೇ ಬಿಡಿ. ಮಲಯ, ಚೀನೀ, ತಮಿಳು ಮನೆಗಳ ಮಕ್ಕಳು. ಎರಡು ವರ್ಷ ಇಲ್ಲಿ ಓದಿ, ಉಳಿದೆರಡು ವರ್ಷಕ್ಕೆ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೋಗುವವರು. ಅವರಿಗೆ ಅಮೆರಿಕ ಗಣರಾಜ್ಯದ ಆರಂಭದ ಇತಿಹಾಸ ಹೇಳಲು ನಿಂತವಳು ಆ ದೇಶವನ್ನು ನಕಾಶೆಯಲ್ಲಷ್ಟೇ ಕಂಡ ಮಂಗಳೂರಿನ ಹೆಂಗಸು.

"ಮಲಾಕ್ಕಾ ಸುಲ್ತಾನರ ಪಾಠ ಮಾಡಿದ ನಿಮ್ಮ ಟೀಚರ್ ಸುಲ್ತಾನರ ಜೊತೆ ಕೂತು ಊಟ ಮಾಡಿದ್ದರಾ?" ಎಂದು ಕೇಳಿದೆ. "ಪುಸ್ತಕ ತೆಗೆಯಿರಿ."

ಈ ಗಡಸುತನ ನನಗೆ ಹುಟ್ಟಿನಿಂದ ಬಂದದ್ದಲ್ಲ, ಇಲ್ಲಿ ಮನೆ ಹುಡುಕುವಾಗ ಕಲಿತದ್ದು. ನನ್ನ ಗಂಡ ವಿಲ್ಲಿಗೆ ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ್ದರಿಂದ ಪುಟ್ಟ ಮಗಳು ರೀಮಾಳನ್ನು ಕಟ್ಟಿಕೊಂಡು ಬಂದಿಳಿದಿದ್ದೆವು. ಏಜೆಂಟರು ಫೋನಿನಲ್ಲಿ ಬಹಳ ಸಭ್ಯವಾಗಿ ಹೇಳುತ್ತಿದ್ದರು: "ಓನರ್ ಇಂಡಿಯನ್ಸ್‌ಗೆ ಕೊಡಲ್ಲ ಲಾ, ಸಾರಿ." ಈ 'ಲಾ' ನಮ್ಮ ಮಂಗಳೂರಿನ 'ಮಾರಾಯ್ರೆ' ಇದ್ದ ಹಾಗೆ. ಬೈಗುಳಕ್ಕೂ ಅಂಟುತ್ತದೆ, ಮುದ್ದಿಗೂ ಅಂಟುತ್ತದೆ. ಕದ ಮುಚ್ಚುವಾಗಲೂ ಅದನ್ನು ಸೇರಿಸುತ್ತಾರೆಂದು ಆಗ ಗೊತ್ತಾಯಿತು. ಹಾಗೆಂದು ನಮ್ಮ ನಾಡನ್ನು ಹೊಗಳಿಕೊಳ್ಳುವ ಹಾಗೂ ಇರಲಿಲ್ಲ. ಬೆಂಗಳೂರಿನಲ್ಲಿ 'ವೆಜ್ ಮಾತ್ರ' ಎಂಬ ಬೋರ್ಡಿನ ಮುಂದಿನಿಂದ ತಿರುಗಿ ಬಂದವರೂ ನಾವೇ.

ಕೊನೆಗೆ ಪುಚೊಂಗ್‌ನಲ್ಲಿ ಮನೆ ಕೊಟ್ಟವರು ನಿವೃತ್ತ ನರ್ಸ್ ಸರೋಜಾ ಅಕ್ಕ. ಅವರ ಅಜ್ಜ ತಮಿಳುನಾಡಿನಿಂದ ರಬ್ಬರ್ ತೋಟಕ್ಕೆ ಬಂದವರು. ಬೀಗದ ಕೈ ಕೊಡುತ್ತ ಅಕ್ಕ ತಮಿಳಿನಲ್ಲಿ ಹೇಳಿದರು: "ನನ್ನನ್ನೂ ಇಲ್ಲಿ ಇಂಡಿಯನ್ ಅಂತಾರಮ್ಮ. ನಾನು ಇಂಡಿಯಾ ನೋಡೇ ಇಲ್ಲ. ಮೀನು ಧಾರಾಳ ಹುರಿ, ಕಿಟಕಿ ಮಾತ್ರ ತೆಗೆದಿಡು."

ಮೀನು ಹುರಿಯಲು ಅಡ್ಡಿಯಿರಲಿಲ್ಲ, ತಿನ್ನಲು ಜನ ಬೇಕಿತ್ತು. ಮಂಗಳೂರಿನಲ್ಲಿ ಭಾನುವಾರ ಚರ್ಚಿನ ಪೂಜೆ ಮುಗಿದರೆ ಇಗರ್ಜಿಯ ಅಂಗಳ ದಾಟಿ ಬರಲು ಗಂಟೆ ಹಿಡಿಯುತ್ತಿತ್ತು, ಅಷ್ಟು ಮಾತು. ಇಲ್ಲಿ ಇಂಗ್ಲಿಷ್ ಪೂಜೆ ಮುಗಿದೊಡನೆ ಎಲ್ಲರೂ ಕಾರು ಹತ್ತುತ್ತಾರೆ. ನಾವು ಮಾಮಾಕ್‌ಗೆ, ಅಂದರೆ ತಮಿಳು ಮುಸ್ಲಿಮರ ಹೋಟೆಲಿಗೆ ಹೋಗಿ ಪರೋಟ 'ತಪಾವ್' ಮಾಡಿಸಿಕೊಂಡು, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಟ್ಟಿಸಿಕೊಂಡು, ಸುಮ್ಮನೆ ಮನೆಗೆ ಬರುತ್ತಿದ್ದೆವು. ನಾನು ಕೊಂಕಣಿಯಲ್ಲೋ ಕನ್ನಡದಲ್ಲೋ ಕೇಳಿದರೆ ರೀಮಾ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಮೊದಲ ವರ್ಷ, ಇಲ್ಲಿ ವಾಸಿಸಲು ಸರಕಾರ ಕೊಡುವ ನನ್ನ ಪಾಸಿನ ಮೇಲೆ ಇದ್ದದ್ದು 'ಅವಲಂಬಿತೆ' ಎಂಬ ಅರ್ಥದ ಪದ. ಹನ್ನೊಂದು ವರ್ಷ ಪಾಠ ಮಾಡಿ ಬಂದವಳಿಗೆ ಆ ಪದ ನುಂಗಲಾಗದ ಮುಳ್ಳಾಗಿತ್ತು. ಹಾಗಾಗಿ ಕಾಲೇಜಿನ ಕೆಲಸ ಸಿಕ್ಕಿ ಸ್ವಂತ ಪಾಸು ಬಂದ ದಿನ ವಿಲ್ಲಿಯ ಬಳಿ, "ಇನ್ನು ಯಾರ ಬಾಲ ಹಿಡಿದೂ ನಾನು ಈ ದೇಶದಲ್ಲಿಲ್ಲ," ಎಂದಿದ್ದೆ.

ಪಾಠ ನಿಧಾನವಾಗಿ ಹಿಡಿತಕ್ಕೆ ಬಂತು. ಅಮೆರಿಕ ಫ್ರಾನ್ಸಿನಿಂದ ಲೂಯಿಸಿಯಾನಾ ಪ್ರಾಂತವನ್ನು ಕೊಂಡದ್ದನ್ನು ಹೇಳುವಾಗ ಕೇಳಿದೆ: "ಕೊಂಡವರು ಒಬ್ಬರು, ಮಾರಿದವರು ಒಬ್ಬರು. ಅಲ್ಲಿ ವಾಸವಿದ್ದ ಮೂಲ ಜನರನ್ನು ಯಾರು ಕೇಳಿದರು?" ಬೋರ್ಡಿನ ಮೇಲೆ ಮಲಾಕ್ಕಾ ಜಲಸಂಧಿಯನ್ನು ಬರೆದು ನಡುವೆ ಗೆರೆ ಎಳೆದೆ. ಸುಮಾರು ಇಪ್ಪತ್ತು ವರ್ಷಗಳ ನಂತರ ಬ್ರಿಟಿಷರೂ ಡಚ್ಚರೂ ಹಂಚಿಕೊಂಡ ಗೆರೆ ಅದು: ಈ ದಡ ನಮಗೆ, ಆ ದಡ ನಿಮಗೆ. ಮಕ್ಕಳು ಅದನ್ನು ಶಾಲೆಯಲ್ಲೇ ಓದಿದ್ದರು. ಹಿಂದಿನ ಬೆಂಚಿನ ಜೇಸನ್, "ಸೇಮ್ ಸೇಮ್ ಲಾ, ಮಿಸ್!" ಎಂದ.

ಅವತ್ತಿನಿಂದ ಯಾರೂ ನಾನು ಎಲ್ಲಿಗೆ ಹೋಗಿದ್ದೇನೆ ಎಂದು ಕೇಳಲಿಲ್ಲ.

ತೊಡಕು ಶುರುವಾದದ್ದು ಕುವಾಲಾ ಬಾತುವಿನಿಂದ. ಇದು ಜಲಸಂಧಿಯ ಆಚೆ, ಸುಮಾತ್ರದ ಕರಾವಳಿಯ ಊರು. ಆ ಕಾಲದಲ್ಲಿ ಅಮೆರಿಕದ ಹಡಗುಗಳು ಕರಿಮೆಣಸಿಗಾಗಿ ಅಲ್ಲಿಗೆ ಬರುತ್ತಿದ್ದವು. ಒಮ್ಮೆ ಊರಿನವರು ಒಂದು ಹಡಗಿಗೆ ನುಗ್ಗಿ, ಕೆಲವರನ್ನು ಕೊಂದು, ಸರಕು ದೋಚಿದರು. ಮರುವರ್ಷ ಅಮೆರಿಕದ ಯುದ್ಧನೌಕೆ ಬಂದು ಊರನ್ನೇ ಸುಟ್ಟಿತು. ನಮ್ಮ ಪಠ್ಯದಲ್ಲಿ 'ವಿದೇಶಿ ಸಂಘರ್ಷಗಳು' ಎಂಬ ಅಧ್ಯಾಯವಿತ್ತು, ಕುವಾಲಾ ಬಾತು ಇರಲಿಲ್ಲ. ಅದಕ್ಕೆಂದು ಎರಡು ತರಗತಿ ಇಡುತ್ತೇನೆಂದು ಮಕ್ಕಳಿಗೆ ಹೇಳಿದೆ. ಮರುದಿನವೇ ವಿಭಾಗದ ಮುಖ್ಯಸ್ಥ ಮಿಸ್ಟರ್ ಚಿಯಾ ಕರೆಸಿದರು.

"ಮಿಸೆಸ್ ಐರಿನ್, ಆ ಪಾಠ ಬೇಡ. ಒಬ್ಬ ಹುಡುಗನ ತಂದೆ ಫೋನ್ ಮಾಡಿದ್ದರು. ಮಗನಿಗೆ ಮುಂದಿನ ವರ್ಷ ವೀಸಾ ಇಂಟರ್‌ವ್ಯೂ ಇದೆ. ಕ್ಲಾಸಿನಲ್ಲಿ ಅಮೆರಿಕದ ವಿರುದ್ಧ ಮಾತು ಬರ್ತಿದೆ ಅಂತ ಅವರಿಗೆ ಭಯ."

"ಹಡಗಿನವರನ್ನು ಕೊಂದದ್ದನ್ನೂ ಹೇಳ್ತೇನೆ, ಊರು ಸುಟ್ಟದ್ದನ್ನೂ ಹೇಳ್ತೇನೆ, ಸರ್. ಇದರಲ್ಲಿ ವಿರುದ್ಧ ಯಾವುದು?"

"ನಿಮ್ಮ ಕಾಂಟ್ರಾಕ್ಟ್ ಈ ಸಲ ರಿನ್ಯೂವಲ್‌ಗೆ ಬರ್ತದೆ." ಅವರು ಗದರಿಸುವ ಮನುಷ್ಯರಲ್ಲ. ಕನ್ನಡಕ ಒರೆಸುತ್ತ, ನೆಲ ನೋಡುತ್ತ ಹೇಳಿದರು. ಅದೇ ನನ್ನನ್ನು ಹೆಚ್ಚು ಕೆರಳಿಸಿತು.

"ನೀವೇ ಬಂದು ಕ್ಲಾಸಿನಲ್ಲಿ ಕೂತುಕೊಳ್ಳಿ. ತಪ್ಪು ಹೇಳಿದರೆ ಅಲ್ಲೇ ನಿಲ್ಲಿಸಿ. ಪಾಠ ಮಾತ್ರ ಬಿಡುವುದಿಲ್ಲ," ಎಂದು ಎದ್ದು ಬಂದೆ.

ರಾತ್ರಿ ಸಂಗತಿ ಕೇಳಿದ ವಿಲ್ಲಿ ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತ, "ನಿಂಗೆ ಯಾಕೆ ಬೇಕು ಮಾರಾಯ್ತಿ ಈ ಜಗಳ? ಆ ಊರು ಸುಟ್ಟು ಇನ್ನೂರು ವರ್ಷ ಆಗ್ತಾ ಬಂತು," ಎಂದ.

"ಹಿಂದಿನ ವಾರ ಎಂತ ಪಾಠ ಮಾಡಿದೆ ಗೊತ್ತುಂಟಾ?" ಎಂದೆ. "ಆ ಹೊಸ ಗಣರಾಜ್ಯಕ್ಕೆ ಫ್ರಾನ್ಸಿನ ಜೊತೆ ಯುದ್ಧದ ಹೆದರಿಕೆ ಹಿಡೀತು. ಕೂಡಲೇ ಎಂತ ಮಾಡಿದ್ರು? ಹೊರಗಿನಿಂದ ಬಂದವರು ಪೌರರಾಗಲು ಹದಿನಾಲ್ಕು ವರ್ಷ ಕಾಯಬೇಕು ಅಂತ ಕಾನೂನು. ಸರಕಾರವನ್ನು ಬೈದು ಬರೆದ ಪತ್ರಿಕೆಯವರಿಗೆ ಜೈಲು. ಅದನ್ನು ಗಟ್ಟಿ ದನಿಯಲ್ಲಿ ಹೇಳಿದವಳು ಒಂದು ಫೋನ್ ಕಾಲ್‌ಗೆ ಬಾಯಿ ಮುಚ್ಚಿಕೊಳ್ಳುವುದಾ?"

"ಪಾಸ್ ಹೋದರೆ?"

"ಹೋಗಲಿ."

ಹೋಗಲಿ ಎಂದೆನೇನೋ ನಿಜ. 'ಅವಲಂಬಿತೆ' ಎಂಬ ಪದ ಮತ್ತೆ ಕಣ್ಣ ಮುಂದೆ ಬಂತು.

ಮಿಸ್ಟರ್ ಚಿಯಾ ನಿಜವಾಗಿಯೂ ಬಂದರು. ಹಿಂದಿನ ಕುರ್ಚಿಯಲ್ಲಿ ಕೈಕಟ್ಟಿ ಕುಳಿತರು. ನಾನು ತರಗತಿಯನ್ನು ಎರಡು ಪಾಲು ಮಾಡಿದೆ. ಅರ್ಧ ಜನ ಅಮೆರಿಕದ ಹಡಗಿನ ಯಜಮಾನರು, ಅರ್ಧ ಜನ ಕುವಾಲಾ ಬಾತುವಿನ ಊರಿನವರು. ಯುದ್ಧನೌಕೆಯ ಕ್ಯಾಪ್ಟನ್ ಪರವಾಗಿ ವಾದಿಸಲು ಜೇಸನ್ ತಾನಾಗಿ ಎದ್ದ. ಫೋನ್ ಮಾಡಿದ್ದು ಅವನ ತಂದೆ ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

ಹುಡುಗ ಸೊಗಸಾಗಿ ವಾದಿಸಿದ. "ನಮ್ಮವರು ವ್ಯಾಪಾರಕ್ಕೆ ಬಂದರು. ಅವರನ್ನು ಕೊಂದರು. ಸುಮ್ಮನೆ ಕೂತರೆ ನಾಳೆ ಯಾವ ಹಡಗೂ ಇತ್ತ ಬರುವುದಿಲ್ಲ." ತಡೆಯಿಲ್ಲದೆ ಇಷ್ಟು ಹೇಳಿದವನು ಆಮೇಲೆ ನಿಂತ. "ಆದರೆ ಮಿಸ್, ಕ್ಯಾಪ್ಟನ್ ಮೊದಲು ಮಾತಾಡಿ ನೋಡಬೇಕಿತ್ತು. ತಪ್ಪು ಮಾಡಿದವರು ಯಾರು ಅಂತ ಕೇಳದೇ ಸುಟ್ಟುಬಿಟ್ಟ."

"ಆಗ ಅಮೆರಿಕದಲ್ಲೂ ಕೆಲವರು ಇದೇ ಮಾತು ಹೇಳಿ ಕ್ಯಾಪ್ಟನ್‌ನನ್ನು ಟೀಕಿಸಿದರು," ಎಂದೆ, ಹಿಂದಿನ ಕುರ್ಚಿಯತ್ತ ನೋಡುತ್ತ.

ಆಗ ಆಯ್ನಾ ಮೆಲ್ಲಗೆ ಎದ್ದಳು. "ನನ್ನ ಅಜ್ಜಿಯ ಕಡೆಯವರು ಆ ಕರಾವಳಿಯವರೇ, ಮಿಸ್. ಮುಂದೆ ಡಚ್ಚರ ಯುದ್ಧದಲ್ಲಿ ದೋಣಿ ಹತ್ತಿ ಈ ದಡಕ್ಕೆ, ಕೆಡಾ ರಾಜ್ಯಕ್ಕೆ ಬಂದರು. ಅಮೆರಿಕದವರು ಊರು ಸುಟ್ಟದ್ದು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ." ಅಷ್ಟು ಹೇಳಿ ಕುಳಿತುಕೊಂಡಳು. ಜೇಸನ್ ತನ್ನ ನೀರಿನ ಬಾಟಲಿ ಅವಳತ್ತ ಸರಿಸಿದ.

ಮಿಸ್ಟರ್ ಚಿಯಾ ಎಲ್ಲ ಮಕ್ಕಳೂ ಹೋಗುವವರೆಗೆ ಕಾದರು. "ಪಾಠ ಇರಲಿ," ಎಂದರು. "ಆದರೆ ಒಂದೇ ಕ್ಲಾಸ್, ಎರಡಲ್ಲ." ಅದರ ತಿಂಗಳೊಪ್ಪತ್ತಿನಲ್ಲಿ ಕಾಂಟ್ರಾಕ್ಟ್ ಬಂತು. ಬೇರೆಯವರಿಗೆಲ್ಲ ಎರಡು ವರ್ಷ, ನನಗೆ ಒಂದೇ ವರ್ಷ. ಒಂದು ವರ್ಷ ಅಂದರೆ ಕುವಾಲಾ ಬಾತು ಇನ್ನೊಂದು ಸಲ. ಸಹಿ ಹಾಕಿದೆ.

ಈದ್ ಹಬ್ಬಕ್ಕೆ ಆಯ್ನಾ ನಮ್ಮನ್ನು ಕೆಡಾದಲ್ಲಿರುವ ಅಜ್ಜಿಯ ಊರಾದ ಯಾನ್‌ಗೆ ಕರೆದಳು. ಬೆಟ್ಟದ ಬುಡದಲ್ಲಿ ಗದ್ದೆಗಳ ನಡುವಿನ ಊರು. ಅಜ್ಜಿ ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡು, ಒಳಗೆ ಕೂರಿಸಿ, ತಟ್ಟೆ ತುಂಬ ಬಡಿಸಿದರು. ಊರು ಸುಟ್ಟ ಕಥೆಯನ್ನು ಮೊಮ್ಮಗಳು ಹೇಳಿದ್ದಳಂತೆ. ಅಜ್ಜಿ ಅದರ ಬಗ್ಗೆ ಏನೂ ಕೇಳಲಿಲ್ಲ. ಬದಲಿಗೆ ಇಲ್ಲಿ ಹಬ್ಬದ ದಿನ ಎಲ್ಲರೂ ಎಲ್ಲರನ್ನೂ ಕೇಳುವ ಮಾತನ್ನೇ ಕೇಳಿದರು: "ಕಾಂಪುಂಗ್ ಮಾನಾ?" ನಿನ್ನ ಊರು ಯಾವುದು, ರಜೆ ಬಂದರೆ ಮರಳಿ ಹೋಗುವುದು ಎಲ್ಲಿಗೆ?

"ಪುಚೊಂಗ್," ಎಂದೆ ನಾನು, ಯೋಚಿಸದೆ.

ಅದೇ ಕ್ಷಣಕ್ಕೆ ಪಕ್ಕದಲ್ಲಿ ಕುಳಿತಿದ್ದ ರೀಮಾ, "ಮಂಗಳೂರು," ಎಂದಳು.

ಅಜ್ಜಿ ನಮ್ಮಿಬ್ಬರ ಮುಖವನ್ನೂ ನೋಡಿ, ಇವರಲ್ಲಿ ಯಾರ ಮಾತು ನಿಜ ಎನ್ನುವಂತೆ ವಿಲ್ಲಿಯತ್ತ ತಿರುಗಿದರು. ಅವನು ನನ್ನನ್ನು ನೋಡಿದ. ನಾನು ಮಗಳನ್ನು ತಿದ್ದಲಿಲ್ಲ, ನನ್ನ ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.