ಒಂದು ತುತ್ತಿನ ಅಂಜಿಕೆ

ಕೊಲ್ಲಾಪುರದ ಹೋಟೆಲೊಂದಕ್ಕೆ ಭಾನುವಾರ ಬ್ರಂಚ್‌ಗೆ ಹೋಗೋಣ ಎಂದು ನನ್ನ ತಂಗಿ ಫೋನಿನಲ್ಲಿ ಹೇಳಿದಾಗ ನನ್ನ ಕೈಯಲ್ಲಿದ್ದದ್ದು ಗಂಜಿಯ ಲೋಟ. ಐದು ತಿಂಗಳಿಂದ ನಾನು ಗಂಜಿ, ಮಜ್ಜಿಗೆ ಕಲಸಿ ಹಿಸುಕಿದ ಅನ್ನ, ಹಾಲಲ್ಲಿ ನೆನೆಸಿದ ಬ್ರೆಡ್ಡು, ಇಷ್ಟರಲ್ಲೇ ಬದುಕಿದ್ದೆ. ಯಾರಿಗೂ ಹೇಳಿರಲಿಲ್ಲ.

ನಾವಿರುವುದು ಗಡಹಿಂಗ್ಲಜದಲ್ಲಿ. ಯಜಮಾನರದು ಬಟ್ಟೆ ಅಂಗಡಿ. ಬೆಳಗ್ಗೆ ಹೋದರೆ ಮಧ್ಯಾಹ್ನ ಎರಡೂವರೆಗೆ ಊಟಕ್ಕೆ ಬರುತ್ತಾರೆ. ಅಂಥದೊಂದು ಮಧ್ಯಾಹ್ನ ನಾನು ಅಡಿಗೆ ಮನೆಯಲ್ಲಿ ನಿಂತುಕೊಂಡೇ ಒಣ ರೊಟ್ಟಿ ಮುರಿದು ಗುರೆಳ್ಳಿನ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಹಚ್ಚಿ ಬಾಯಿಗೆ ಹಾಕಿಕೊಂಡಿದ್ದೆ. ಹಿಂಡಿಯ ಪುಡಿಗೆ ಕೆಮ್ಮು ಬಂತು. ಕೆಮ್ಮುವಷ್ಟರಲ್ಲಿ ರೊಟ್ಟಿಯ ಚೂರು ಗಂಟಲಲ್ಲಿ ಕೂತುಬಿಟ್ಟಿತು. ಉಸಿರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಕಿಟಕಿಯಾಚೆ ಪಕ್ಕದ ಮನೆಯಾಕೆ ಮಾಳಿಗೆಯ ಮೇಲೆ ಸೀರೆ ಒಣಹಾಕುತ್ತಿದ್ದಳು. ಕೂಗಲು ದನಿಯೇ ಇಲ್ಲ. ಸೌಟಿನಿಂದ ಕಿಟಕಿಯ ಸರಳಿಗೆ ಬಡಿದೆ. ಆಕೆ ತಿರುಗಿ ನೋಡಲಿಲ್ಲ. ಕಣ್ಣು ಕತ್ತಲೆಗಟ್ಟಿ ಮುಂದಕ್ಕೆ ಬಿದ್ದಾಗ ಹೊಟ್ಟೆ ಅಡಿಗೆ ಕಟ್ಟೆಯ ಅಂಚಿಗೆ ಗಟ್ಟಿಯಾಗಿ ಒತ್ತಿತು. ಆ ಪೆಟ್ಟಿಗೇ ಚೂರು ಹೊರಗೆ ಬಂತು. ಹೆಬ್ಬೆಟ್ಟಿನ ಉಗುರಿನಷ್ಟಿತ್ತು, ಅಷ್ಟೆ.

ಯಜಮಾನರು ಬರುವುದರೊಳಗೆ ನೆಲ ಒರೆಸಿ, ಮುಖ ತೊಳೆದುಕೊಂಡು ಕುಂಕುಮ ಹಚ್ಚಿಕೊಂಡೆ. ಅವರಿಗೆ ಬಡಿಸಿ, ನಾನು ಆಮೇಲೆ ಉಣ್ಣುತ್ತೇನೆ ಅಂದೆ. ಅದೇ ರೂಢಿಯಾಯಿತು. ನನ್ನ ಪಾಲಿನ ರೊಟ್ಟಿ ಓಣಿಯ ಆಕಳಿಗೆ ಹೋಗತೊಡಗಿತು. ರೊಟ್ಟಿ ಗಂಟಲಿಗೆ ಸಿಕ್ಕಿತ್ತು, ಅದಕ್ಕೇ ಉಣ್ಣುತ್ತಿಲ್ಲ ಎಂದು ಐವತ್ತಾರು ವರ್ಷದ ಹೆಂಗಸು ಯಾರ ಮುಂದೆ ಹೇಳುವುದು? ಬಾಯಿಗೆ ಗಟ್ಟಿ ಪದಾರ್ಥ ಬಂದೊಡನೆ ಎದೆ ಬಡಿದುಕೊಳ್ಳುತ್ತಿತ್ತು. ಎಷ್ಟು ಅಗಿದರೂ ನುಂಗಲು ಧೈರ್ಯ ಬರದೆ ಉಗುಳಿಬಿಡುತ್ತಿದ್ದೆ. ಜಂಪರುಗಳನ್ನೆಲ್ಲ ಎರಡು ಸಲ ಒಳಗೆ ಹಿಡಿದು ಹೊಲಿದುಕೊಂಡೆ. ಓಣಿಯ ಹೆಂಗಸರು ಸಕ್ಕರೆ ಕಾಯಿಲೆ ಬಂತೇ ಎಂದು ಕೇಳಿದರು. ಕದ್ದುಮುಚ್ಚಿ ಗಂಟಲಿನ ಡಾಕ್ಟರ ಹತ್ತಿರವೂ ಹೋಗಿ ಬಂದೆ. ಅವರು ದೀಪ ಬಿಟ್ಟು ನೋಡಿ, ಏನೂ ಇಲ್ಲ, ಚೆನ್ನಾಗಿ ಉಣ್ಣಿರಿ ಅಂದರು. ಅಲ್ಲಿಂದ ಹೊರಗೆ ಬಂದಾಗ ಅಂಜಿಕೆ ಇನ್ನಷ್ಟು ಹೆಚ್ಚಾಗಿತ್ತು. ಏನೂ ಇಲ್ಲದ ಗಂಟಲು ಹೀಗೇಕೆ ಮುಚ್ಚಿಕೊಳ್ಳುತ್ತದೆ?

ತಂಗಿಯನ್ನು ಕೊಟ್ಟದ್ದು ಇಚಲಕರಂಜಿಗೆ ಹತ್ತಿದ ಕಬನೂರಿಗೆ. ಮನೆಯ ಹಿಂದೆಯೇ ಅವರ ಪವರ್‌ಲೂಮ್ ಷೆಡ್ಡು. ಮಗ್ಗದ ಸಪ್ಪಳದಲ್ಲಿ ಮಾತಾಡಿ ಮಾತಾಡಿ ಆಕೆಯ ದನಿ ಎಲ್ಲಿ ಹೋದರೂ ದೊಡ್ಡದೇ. ಹಳ್ಳಿಮನೆಯಂತೆ ಕಟ್ಟಿಸಿದ ಹೋಟೆಲಂತೆ, ತಲೆಗೆ ಒಂದೇ ರೇಟಂತೆ, ಹನ್ನೊಂದರಿಂದ ಮೂರರವರೆಗೆ ಎಷ್ಟು ಬೇಕಾದರೂ ತಿನ್ನಬಹುದಂತೆ. ಇಬ್ಬರ ಹೆಸರಿನಲ್ಲಿ ರೊಕ್ಕ ಕಟ್ಟಿಯೂ ಬಿಟ್ಟಿದ್ದಳು. ಬರುವುದಿಲ್ಲ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಹೂಂ ಅಂದೆ.

ಬಸ್ಸಿನಲ್ಲಿ ಕೊಲ್ಲಾಪುರ ಮುಟ್ಟುವವರೆಗೂ ಲೆಕ್ಕ ಹಾಕುತ್ತಿದ್ದೆ. ಶ್ರೀಖಂಡ ಇರುತ್ತದೆ, ಅದು ಜಾರುತ್ತದೆ. ಮಜ್ಜಿಗೆ ಇರುತ್ತದೆ. ಉಳಿದದ್ದನ್ನು ತಟ್ಟೆಯಲ್ಲಿ ಅತ್ತಿತ್ತ ಸರಿಸಿದರಾಯಿತು. ಸ್ಟ್ಯಾಂಡಿನಲ್ಲಿ ನನ್ನನ್ನು ನೋಡಿದೊಡನೆ ತಂಗಿಯ ನಗು ಒಂದು ಗಳಿಗೆ ನಿಂತಿತು. ಭಾಳ ಸೊರಗಿದ್ದೀಯಲ್ಲ ಅಂದಳು. ಸಂಕಷ್ಟಿ, ಸೋಮವಾರ ಎಂದು ಉಪವಾಸ ಹಿಡಿದಿದ್ದೇನೆ ಎಂದು ಸುಳ್ಳು ಹೇಳಿದೆ.

ಹೋಟೆಲಿನ ಗೋಡೆಗೆ ಮಣ್ಣಿನ ಬಣ್ಣ, ಮೇಲೆ ನಾಡಹಂಚು. ಬಾಗಿಲಲ್ಲಿ ಕಾಸೆ ಸೀರೆಯ ಹೆಂಗಸೊಬ್ಬಳು ಕುಂಕುಮ ಹಚ್ಚಿ ಒಳಗೆ ಕರೆದಳು. ಹಳೆಯ ವಾಡೆಯ ದೊಡ್ಡ ಮನೆಗಳಿಂದ ಕಿತ್ತು ತಂದ ಬಾಗಿಲುಗಳನ್ನೇ ಅಡ್ಡ ಮಲಗಿಸಿ ಮೇಜು ಮಾಡಿದ್ದರು. ಮೂಲೆಯಲ್ಲಿ ಒಲೆ ಹೂಡಿ ಇಬ್ಬರು ಜೋಳದ ಭಾಕರಿ ತಟ್ಟುತ್ತಿದ್ದರು. ಅಲ್ಲಿ ತುಂಬಿದ್ದ ಜನರೆಲ್ಲ ಅಗಿಯುತ್ತಿದ್ದರು. ಹಪ್ಪಳ ಮುರಿಯುವ ಸಪ್ಪಳ, ವಡೆ ಕಚ್ಚುವ ಸಪ್ಪಳ, ಬಾಯಲ್ಲಿ ತುತ್ತಿಟ್ಟುಕೊಂಡೇ ನಗುವವರ ಸಪ್ಪಳ. ನನಗೆ ಬೇರೇನೂ ಕೇಳಿಸಲೇ ಇಲ್ಲ.

ನಾನು ಏಳುವ ಮುಂಚೆಯೇ ತಂಗಿ ಇಬ್ಬರಿಗೂ ತಟ್ಟೆ ತುಂಬಿಸಿ ತಂದಳು. ದಪ್ಪ ರೊಟ್ಟಿಯಂಥ ಥಾಲಿಪೀಟ, ಬೆಣ್ಣೆ, ಸಾಬುದಾಣೆ ವಡೆ, ಕಡಲೆಹಿಟ್ಟಿನ ಪಿಠಲ, ಭಾಕರಿ, ಬದಿಗೊಂದಿಷ್ಟು ನೂಡಲ್ಸು. ರೊಕ್ಕ ಕೊಟ್ಟ ಮೇಲೆ ಬಿಡುವುದೇಕೆ ಎಂದು ಆಕೆ ಉಣ್ಣಲು ಕೂತಳು. ನಾನು ಮಜ್ಜಿಗೆ ಕುಡಿದೆ. ಥಾಲಿಪೀಟದ ಚೂರೊಂದನ್ನು ಬಾಯಿಗಿಟ್ಟು, ಆಕೆ ಆಚೆ ನೋಡಿದಾಗ ಕಾಗದದ ಕರವಸ್ತ್ರದಲ್ಲಿ ಉಗುಳಿ ಮಡಿಲಲ್ಲಿಟ್ಟುಕೊಂಡೆ. ಹೀಗೆ ನಾಲ್ಕೈದು ಸಲ. ಗೋಡೆಯ ಗಡಿಯಾರದಲ್ಲಿ ಇನ್ನೂ ಹನ್ನೆರಡಾಗಿರಲಿಲ್ಲ.

ಆಗ ಪಕ್ಕದ ಮೇಜಿನಲ್ಲಿ ಹೆಂಡತಿಯೊಡನೆ ಕೂತಿದ್ದ ಮುದುಕರೊಬ್ಬರು ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿ, ಕೈಯಿಂದ ಕುತ್ತಿಗೆ ಹಿಡಿದುಕೊಂಡರು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು. ನಾನು ಹೇಗೆ ಎದ್ದೆನೋ ತಿಳಿಯದು. ಕುರ್ಚಿ ಹಿಂದಕ್ಕೆ ಬಿತ್ತು. ಓಡಿಹೋಗಿ ಅವರ ಬೆನ್ನಿಗೆ ಮುಷ್ಟಿಯಿಂದ ಗುದ್ದತೊಡಗಿದೆ. ಉಸಿರು ಕಟ್ಟಿದೆ, ಯಾರಾದರೂ ಬನ್ನಿ ಎಂದು ಕನ್ನಡದಲ್ಲೇ ಕಿರುಚುತ್ತಿದ್ದೆನಂತೆ. ಅವರ ಹೆಂಡತಿ ನನ್ನ ಕೈ ಹಿಡಿದು ನಿಲ್ಲಿಸಿದರು. ಮುದುಕರು ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದರು.

"ಕಾಯ್ ಝಾಲಂ, ತಾಯಿ? ಠೇಚಾ ಲಾಗಲಾ ನುಸತಾ."

ಏನಾಯಿತೆಂದು ಅವರೇ ನನ್ನನ್ನು ಕೇಳುತ್ತಿದ್ದರು. ಠೇಚಾ ಎಂಬ ಹಸಿ ಮೆಣಸಿನಕಾಯಿ ಚಟ್ನಿಯ ಖಾರ ನೆತ್ತಿಗೆ ಹತ್ತಿತ್ತು, ಬೇರೇನೂ ಅಲ್ಲ.

ಸುತ್ತಲಿನ ಮೇಜಿನವರೆಲ್ಲ ತಿರುಗಿ ನೋಡುತ್ತಿದ್ದರು. ನಾನು ಅಲ್ಲೇ ನೆಲಕ್ಕೆ ಕೂತೆ. ತಂಗಿ ಎಬ್ಬಿಸಲು ಬಂದಳು. ನನ್ನ ಮಡಿಲಿನಿಂದ ಬಿದ್ದಿದ್ದ ಕಾಗದ ಬಿಚ್ಚಿಕೊಂಡು, ಅಗಿದುಗುಳಿದ ಚೂರುಗಳು ಆಕೆಯ ಕಾಲ ಬಳಿ ಹರಡಿದ್ದವು. ಆಕೆ ಅದನ್ನು ನೋಡಿದಳು. ನನ್ನನ್ನು ತೋಳು ಹಿಡಿದು ಅಂಗಳಕ್ಕೆ ಕರೆತಂದು ಹೊರಸಿನ ಮೇಲೆ ಕೂರಿಸಿದಳು.

"ಅಕ್ಕಾ, ಏನಾಗೇತಿ? ಖರೇ ಹೇಳು."

"ನುಂಗಾಕ ಅಂಜಿಕಿ ಬರ್ತೈತಿ. ನುಂಗಿದ್ರ ಸಾಯ್ತೀನಿ ಅನಸ್ತೈತಿ."

ಒಣ ರೊಟ್ಟಿಯಿಂದ ಹಿಡಿದು ಎಲ್ಲ ಹೇಳಿದೆ. ಆಕೆ ನಗುತ್ತಾಳೆಂದು ಕಾಯುತ್ತಿದ್ದೆ. ಆಕೆ ಸಿಟ್ಟಾದಳು. ಐದು ತಿಂಗಳು ಒಂದು ಫೋನು ಮಾಡಲಾಗಲಿಲ್ಲವೇ ಎಂದು ಬೈದಳು. ಬೈಯುತ್ತ ಬೈಯುತ್ತ ಅತ್ತಳು. ಆಮೇಲೆ ಮೂಗೊರೆಸಿಕೊಂಡು ಒಳಗೆ ಹೋಗಿ ಬಿಸಿ ಥಾಲಿಪೀಟ, ಬೆಣ್ಣೆ, ಒಂದು ತಂಬಿಗೆ ನೀರು ತಂದಳು.

"ನಾ ಇಲ್ಲೇ ಎದರಿಗಿ ಕುಂತೀನಿ. ಒಂದ ತುತ್ತ ತಿನ್ನು. ಸಿಕ್ಕತ್ತಂದ್ರ ಗುದ್ದತೀನಿ, ನೀ ಆ ಅಜ್ಜಗ ಗುದ್ದಿದಂಗ."

ಕಡಲೆಬೇಳೆಯಷ್ಟು ಚೂರು ಮುರಿದು ಬೆಣ್ಣೆಯಲ್ಲಿ ಅದ್ದಿದೆ. ಅಗಿದೆ, ಅಗಿದೆ. ಬಾಯಲ್ಲಿ ಅದು ಹಿಟ್ಟಾಗಿ ನೀರಾಗಿತ್ತು, ಆದರೂ ನಾಲಗೆ ಹಿಂದಕ್ಕೆ ತಳ್ಳಲೊಲ್ಲದು. ತಂಗಿ ಕಣ್ಣು ಮಿಟುಕಿಸದೆ ನನ್ನ ಗಂಟಲನ್ನೇ ನೋಡುತ್ತಿದ್ದಳು. ಆಕೆಯೂ ಅಂಜಿದ್ದಾಳೆ ಎಂದು ಆಗ ತಿಳಿಯಿತು. ಕಣ್ಣು ಮುಚ್ಚಿ ನುಂಗಿದೆ. ಇಳಿಯಿತು. ಇಳಿದದ್ದನ್ನು ನಂಬದೆ ಬಹಳ ಹೊತ್ತು ಉಸಿರು ಎಳೆದು ಎಳೆದು ನೋಡಿಕೊಂಡೆ. ಎರಡನೆಯ ತುತ್ತು ಮೊದಲಿನದಕ್ಕಿಂತ ಕಷ್ಟವಾಯಿತು. ಮೂರನೆಯದನ್ನು ಉಗುಳಿದೆ. ಒಟ್ಟು ನಾಲ್ಕು ತುತ್ತು ಇಳಿಯುವಷ್ಟರಲ್ಲಿ ಮೂರು ಗಂಟೆಯಾಗಿ ಒಳಗೆ ಮೇಜು ಒರೆಸತೊಡಗಿದ್ದರು. ತಂಗಿಯೂ ಆಮೇಲೆ ಏನೂ ತಿಂದಿರಲಿಲ್ಲ.

ಸಂಜೆ ಆಕೆಯೇ ಗಡಹಿಂಗ್ಲಜದವರೆಗೆ ಜೊತೆಗೆ ಬಂದಳು. ನಾನು ಹೇಳದಿದ್ದರೆ ತಾನು ಹೇಳುತ್ತೇನೆ ಎಂದು ಬಸ್ಸಿನಲ್ಲೇ ಹೆದರಿಸಿದ್ದಳು. ಯಜಮಾನರು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಹೇಳಿದೆ. ಅವರು ಬಸಿಯನ್ನು ಕೆಳಗಿಟ್ಟರು.

"ನೀ ಉಣ್ಣಾಕತ್ತಿಲ್ಲ ಅನ್ನೂದ ನನಗ ಗೊತ್ತಿತ್ತು. ಕೇಳಾಕ ಅಂಜಿದ್ನಿ. ಏನರ ದೊಡ್ಡ ರೋಗದ ಹೆಸರ ಹೇಳ್ತಿ ಅಂತ."

ಐದು ತಿಂಗಳು ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಅಂಜಿಕೊಂಡು ಕೂತಿದ್ದೆವು.

ಮುಂದಿನ ವಾರ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಗಂಟಲೊಳಗೆ ನಳಿಗೆ ಬಿಟ್ಟು ನೋಡಿದರು. ಆ ದಿನದ ಹೆದರಿಕೆಯನ್ನು ಬರೆಯಲಾರೆ. ಒಳಗೆ ಏನೂ ಇರಲಿಲ್ಲ. ಇಂಥ ಅಂಜಿಕೆಗೂ ಔಷಧಿ, ಅಭ್ಯಾಸ ಇವೆ ಎಂದು ಮನಸ್ಸಿನ ಕಾಯಿಲೆ ನೋಡುವ ಹೆಣ್ಣು ಡಾಕ್ಟರೊಬ್ಬರ ಹತ್ತಿರ ಕಳಿಸಿದರು. ಅವರ ಮುಂದೆ ಕೂತು ಬಾಳೆಹಣ್ಣಿನಿಂದ ಚಪಾತಿಯವರೆಗೆ ಬರಲು ಮೂರು ತಿಂಗಳು ಬೇಕಾಯಿತು. ಒಬ್ಬಳೇ ಇದ್ದಾಗ ಒಣ ರೊಟ್ಟಿ ಈಗಲೂ ಮುಟ್ಟುವುದಿಲ್ಲ. ಯಜಮಾನರು ಒಂದೂವರೆಗೇ ಅಂಗಡಿ ಮುಚ್ಚಿ ಬರುತ್ತಾರೆ. ಇಬ್ಬರೂ ಒಟ್ಟಿಗೇ ಉಣ್ಣಲು ಕೂರುತ್ತೇವೆ. ನನ್ನ ಬಾಯಲ್ಲಿ ತುತ್ತು ಇರುವಾಗ ಅವರು ನನ್ನನ್ನು ಮಾತಾಡಿಸುವುದಿಲ್ಲ.