ಕೊನೆಯ ಮನೆಗೆ ಮೊದಲ ಪಾಳಿ

ನಮ್ಮೂರಿನವರು ನ್ಯಾಯದ ಮಾತೆತ್ತಿದರೆ ನನಗೀಗ ಹೇಸಿಗೆಯಾಗುತ್ತದೆ. ಆ ಮಾತು ನನ್ನ ಬಾಯಲ್ಲೇ ಬಂದರಂತೂ ಕೇಳುವುದೇ ಬೇಡ.

ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಮ್ಮ ಓಣಿ. ಓಣಿಯ ಬಾಯಿಗೆ ಕರೆಂಟಿನ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, ಅದರ ಪಕ್ಕದಲ್ಲೇ ನನ್ನ ಮನೆ ಮತ್ತು ಬೀಜ-ಗೊಬ್ಬರದ ಅಂಗಡಿ. ಮೂರು ವರ್ಷದ ಹಿಂದೆ ಮನೆಯ ಮೇಲೆ ಹತ್ತು ಸೋಲಾರ್ ಪ್ಯಾನೆಲ್ ಹಾಕಿಸಿದೆ. ನನ್ನನ್ನು ನೋಡಿ ಉಳಿದವರೂ ಹಾಕಿಸಿದರು, ಒಟ್ಟು ಏಳು ಮನೆ. ಕಟ್ಟಕಡೆಯದು ಗಿರಣಿಯ ಮನೆ. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ಒಬ್ಬಳೇ ನಡೆಸುತ್ತಿದ್ದ ಹೆಂಗಸು ಆಕೆ. ಹಾಕಿಸಿದ್ದು ನಾಲ್ಕೇ ಪ್ಯಾನೆಲ್. ಗಿರಾಕಿಗಳು ಬರುವುದು ಬೆಳಿಗ್ಗೆ ಮತ್ತು ಸಂಜೆ. ನಡುಹಗಲಲ್ಲಿ ತನ್ನ ಕರೆಂಟನ್ನು ಲೈನಿಗೆ ಕೊಟ್ಟು ಅಷ್ಟನ್ನು ಬಿಲ್ಲಿನಲ್ಲಿ ಇಳಿಸಿಕೊಂಡರೆ ಗಿರಣಿ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುವುದೇ ಗತಿ ಎಂದು ಆಕೆ ನನ್ನ ಅಂಗಡಿಯಲ್ಲೇ ನಿಂತು ಹೇಳಿದ್ದಳು.

ಬಿಸಿಲು ಏರಿದಂತೆ ಏಳೂ ಮನೆಯವರು ಒಂದೇ ತಂತಿಗೆ ಕರೆಂಟು ನೂಕುತ್ತಿದ್ದೆವು. ಒಂದು ದಿನ ಲೈನ್‌ಮನ್ ಬಂದ.

"ಟಿ.ಸಿ. ತಡ್ಯಾಂಗಿಲ್ರಿ. ಮಧ್ಯಾಹ್ನ ವೋಲ್ಟೇಜ್ ಏರಾಕ ಹತ್ತೇತಿ. ದಿನಾ ಒಂದೊಂದು ಮನಿಯವರು ಸೋಲಾರ್ ಬಂದ್ ಇಡ್ರಿ. ಹೆಂಗ ಅಂತ ನೀವ ಕೂತು ಮಾತಾಡ್ಕೊಳ್ರಿ."

ಗಿರಣಿಯವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ನನ್ನ ಅಂಗಡಿಯ ಮುಂದೆಯೇ ಕೂತೆವು. ಓಣಿಯ ಹಿರಿಯರೊಬ್ಬರು, "ಕೆರಿ ನೀರಿಗೆ ಪಾಳಿ ಇಲ್ಲೇನು? ಹಂಗ ಮಾಡೂಣು," ಎಂದರು. ನಮ್ಮಲ್ಲಿ ಕೆರೆಯ ನೀರು ಬಿಡುವಾಗ ಮನೆಗೊಂದು ದಿನ. ಗದ್ದೆ ದೊಡ್ಡದೋ ಸಣ್ಣದೋ ಯಾರೂ ಕೇಳುವುದಿಲ್ಲ. ಮೊದಲ ಪಾಳಿ ಕಾಲುವೆಯ ಕೊನೆಯ ಗದ್ದೆಗೆ, ಯಾಕೆಂದರೆ ಮೇಲಿನವರು ಮೊದಲು ಹಾಯಿಸಿಕೊಂಡರೆ ಕೆಳಗಿನವರಿಗೆ ಬರೀ ಕೆಸರು. ಅದೇ ಕಟ್ಟಳೆಯನ್ನು ಎತ್ತಿ ಇಲ್ಲಿಟ್ಟೆವು. ದಿನಕ್ಕೊಂದು ಮನೆಯಂತೆ ವಾರಕ್ಕೆ ಏಳು ಮನೆ, ಹನ್ನೊಂದರಿಂದ ಮೂರರವರೆಗೆ ಬಂದ್. ಮೊದಲ ಪಾಳಿ ಕೊನೆಯ ಮನೆಗೆ. ಅಲ್ಲಿ ಪಾಳಿ ಬಂದರೆ ನೀರು ಸಿಗುತ್ತದೆ, ಇಲ್ಲಿ ಪಾಳಿ ಬಂದರೆ ಆ ದಿನದ ಕರೆಂಟು ಹೋಗುತ್ತದೆ. ಇಷ್ಟು ಸಣ್ಣ ವಿಷಯ ಕೂತಿದ್ದ ಆರು ಮನೆಯ ಒಂದು ತಲೆಗೂ ಹೊಳೆಯಲಿಲ್ಲ. ಹಿರಿಯರ ನ್ಯಾಯ ಎಂದು ತಲೆದೂಗಿ ಚಹಾ ಕುಡಿದೆವು. "ಮೊದಲ್ನೇ ಪಾಳಿ ನಿನಗ ಬಿಟ್ಟೇವಿ ತಂಗಿ," ಎಂದು ಹೇಳಿಬರಲು ನಾನೇ ಗಿರಣಿಗೆ ಹೋದೆ. ಏನೋ ಉಡುಗೊರೆ ಕೊಡುವವನ ಗತ್ತಿನಲ್ಲಿ ಹೋಗಿದ್ದೆ, ಥೂ.

ಎರಡು ತಿಂಗಳಾದ ಮೇಲೆ ಆಕೆ ಮೊಬೈಲ್ ಹಿಡಿದುಕೊಂಡು ಅಂಗಡಿಗೆ ಬಂದಳು. ಪ್ಯಾನೆಲ್ಲಿನ ಕರೆಂಟನ್ನು ಲೈನಿಗೆ ಬಿಡುವ ತನ್ನ ಇನ್ವರ್ಟರ್ ಎಷ್ಟು ಹೊತ್ತು ನಡೆದಿದೆ ಎಂಬುದನ್ನು ದಿನದಿನದ್ದೂ ತೋರಿಸಿದಳು. ಮಧ್ಯಾಹ್ನದ ಹೊತ್ತು ಬಹುತೇಕ ಖಾಲಿ.

"ಅಣ್ಣಾರ, ನಿಮ್ಮ ಪಾಳಿ ದಿನ ಅಷ್ಟ ನಂದು ನಡೀತೈತ್ರಿ. ಐದು ದಿನ ತಂತೀನ ಬಂದ್ ಮಾಡ್ತೈತಿ. ಇನ್ನೊಂದು ದಿನ ನೀವೆಲ್ಲಾ ಸೇರಿ ಬಂದ್ ಮಾಡಸ್ತೀರಿ."

ಲೈನ್‌ಮನ್‌ನನ್ನು ಕರೆಸಿ ಕೇಳಿದೆ. ನಿಜವೇ ಆಗಿತ್ತು. ಎಲ್ಲರೂ ಕರೆಂಟು ನೂಕುವಾಗ ವೋಲ್ಟೇಜ್ ಹೆಚ್ಚು ಏರುವುದು ಟಿ.ಸಿ.ಯಿಂದ ದೂರದ ಮನೆಯಲ್ಲಿ. ಮಿತಿ ದಾಟಿದೊಡನೆ ಅಲ್ಲಿನ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಟಿ.ಸಿ. ಪಕ್ಕದ ನನ್ನದಕ್ಕೆ ಏನೂ ಆಗುವುದಿಲ್ಲ. ಪರಿಹಾರವನ್ನೂ ಅವನೇ ಹೇಳಿದ. ಪಾಳಿ ಬಿಟ್ಟು, ಹೆಚ್ಚು ಪ್ಯಾನೆಲ್ ಇದ್ದ ಮನೆಯವರು ದಿನವೂ ಮಧ್ಯಾಹ್ನ ತಮ್ಮದನ್ನು ಒಂದಿಷ್ಟು ತಗ್ಗಿಸಿಟ್ಟರೆ ಆಕೆಯದು ನಿಲ್ಲುವುದಿಲ್ಲ. ಇನ್ವರ್ಟರಿನಲ್ಲಿ ಒಮ್ಮೆ ಮಿತಿ ಹಾಕಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ.

ಮತ್ತೆ ಕೂತೆವು. ಆಕೆ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು, ಮೊಣಕೈತನಕ ಹಿಟ್ಟು. ಲೈನ್‌ಮನ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಹಿರಿಯರು, "ಪಾಳಿ ಅಂದ್ರ ಎಲ್ಲಾರಿಗೂ ಒಂದ. ಆಕಿಗೊಂದು ನಮಗೊಂದು ಅಂತ ಭೇದ ಮಾಡಾಕ ಬರಾಂಗಿಲ್ಲ," ಎಂದುಬಿಟ್ಟರು. ಎಲ್ಲರೂ ನನ್ನ ಮುಖ ನೋಡಿದರು. ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ಯಾನೆಲ್ ಇದ್ದದ್ದು ನನ್ನ ಮನೆಯ ಮೇಲೆಯೇ. ನಾನು ಹೂಂ ಅಂದಿದ್ದರೆ ಬೇರೆಯವರು ಉಸಿರೆತ್ತುತ್ತಿರಲಿಲ್ಲ.

"ಸುಗ್ಗಿ ಮುಗೀಲಿ, ನೋಡೂಣು," ಎಂದೆ.

ಬಿಸಿಲಿಗೂ ಸುಗ್ಗಿಗೂ ಏನು ಸಂಬಂಧ? ಯಾರೂ ಕೇಳಲಿಲ್ಲ. ಕೇಳದೆ ಇರಲಿ ಎಂದೇ ಹಾಗೆ ಹೇಳಿದ್ದು. ಆಕೆ ಎದ್ದು ಸೆರಗಿನಿಂದ ಕೈ ಒರೆಸಿಕೊಂಡು ಹೊರಟುಹೋದಳು. ಜಗಳವಾಡಿದ್ದರೂ ನನಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ.

ಸುಗ್ಗಿ ಮುಗಿಯಿತು. ಯಾರೂ ಏನೂ ನೋಡಲಿಲ್ಲ. ಮಳೆಗಾಲಕ್ಕೆ ಮುಂಚೆ ಆಕೆ ಗಿರಣಿ ಮುಚ್ಚಿದಳು. ಕಲ್ಲು, ಮೋಟರು, ನಾಲ್ಕು ಪ್ಯಾನೆಲ್ ಎಲ್ಲವನ್ನೂ ಹಾವೇರಿ ಕಡೆಯವರು ಒಂದೇ ಗಾಡಿಯಲ್ಲಿ ಹೇರಿಕೊಂಡು ಹೋದರು. ಗಾಡಿ ನನ್ನ ಅಂಗಡಿಯ ಮುಂದಿನಿಂದಲೇ ಹಾದುಹೋಯಿತು. ನಾನು ತಲೆ ಬಗ್ಗಿಸಿ ಬೀಜದ ಪೊಟ್ಟಣ ಜೋಡಿಸುತ್ತಿದ್ದೆ.

ವಾರದೊಳಗೆ ಲೈನ್‌ಮನ್ ಬಂದ. ಒಳ್ಳೆಯ ಸುದ್ದಿ ತಂದವನ ಹಾಗೆ ನಗುತ್ತಿದ್ದ.

"ಗಿರಣಿ ಮನೀದು ಕಡಿಮಿ ಆತಲ್ರಿ, ಟಿ.ಸಿ. ಮ್ಯಾಲ ಜಾಗಾ ಆಗೇತಿ. ಇನ್ನೂ ನಾಕು ಪ್ಯಾನೆಲ್ ಹಾಕಸ್ತೀರೇನ್ರಿ?"

"ಅರ್ಜಿ ತಂದೀಯೇನು?" ಎಂದೆ.